ಹುರುಳಿ ಹರವಿದ ತಿರುವು

ದೆವ್ವ, ಗಾಳಿ, ಆತ್ಮ ಎಂದು ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಹನೂರಿನಿಂದ ರಾಮಾಪುರಕ್ಕೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ನನ್ನ ಕಿವಿಗೆ ಬಿದ್ದದ್ದನ್ನು ಇಲ್ಲವೆನ್ನಲೂ ಆಗುವುದಿಲ್ಲ. ನಗುವುದಾದರೆ ಪೂರ್ತಿ ಓದಿದ ಮೇಲೆ ನಗಿ.

ನಮ್ಮ ಕಡೆ ಹುರುಳಿ ಒಕ್ಕುವುದಕ್ಕೆ ಬಹಳ ಜನ ಕಷ್ಟಪಡುವುದಿಲ್ಲ. ಗಿಡ ಕಿತ್ತು ತಂದು ಡಾಂಬರು ರಸ್ತೆಗೆ ಹರವಿ, ಸುತ್ತ ನಾಲ್ಕು ಕಲ್ಲಿಟ್ಟು, ಮರದ ನೆರಳಲ್ಲಿ ಕೂತರೆ ಆಯಿತು. ಬಸ್ಸು, ಲಾರಿಗಳ ಚಕ್ರವೇ ಕಾಯಿ ಒಡೆಯುತ್ತದೆ. ದೊಡ್ಡ ಗಾಡಿಗೆ ಅದು ಒಂದು ಸದ್ದು ಅಷ್ಟೇ, ಬೈಕಿಗೆ ಎಣ್ಣೆ ಸುರಿದ ನೆಲ. ರಾಮಾಪುರದ ಹತ್ತಿರದ ಊರಿಗೆ ಕೊಟ್ಟ ನನ್ನ ತಂಗಿ ಗೌರಿಯ ಗಂಡ ಶಿವಮಲ್ಲು ಆ ತಿರುವಿನಲ್ಲಿ ಹುರುಳಿಯ ಮೇಲೆ ಜಾರಿ, ಅದಕ್ಕೆ ಕಾವಲಿಟ್ಟಿದ್ದ ಕಲ್ಲಿಗೇ ತಲೆ ಬಡಿದು ಸತ್ತ. ಹೆಲ್ಮೆಟ್ ಇತ್ತು. ಹನೂರು ದಾಟುವವರೆಗೆ ತಲೆಯ ಮೇಲೆ, ಆಮೇಲೆ ಪೆಟ್ರೋಲ್ ಟ್ಯಾಂಕಿನ ಮೇಲೆ. ಹುರುಳಿ ಯಾರದೆಂದು ಕೇಳಿದರೆ ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ಆಂಬುಲೆನ್ಸ್ ಬರುವಷ್ಟರಲ್ಲಿ ರಸ್ತೆ ಗುಡಿಸಿಯಾಗಿತ್ತು.

ಆಮೇಲೆ ಏನೂ ಆಗಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ರಸ್ತೆಯಲ್ಲಿ ಒಕ್ಕಬಾರದೆಂದು ಬೋರ್ಡು ಬಂತು, ಆಟೋಗೆ ಮೈಕು ಕಟ್ಟಿ ಸಾರಿದರು, ಊರಾಚೆ ಸಿಮೆಂಟಿನ ಕಣ ಕಟ್ಟಿಸಿದರು. ಹೆಲ್ಮೆಟ್ ಹಾಕುವವರು ಹೆಚ್ಚಿದರು, ಆಂಬುಲೆನ್ಸೂ ಈಗ ಬೇಗ ಬರುತ್ತದೆ. ಅದರಿಂದ ಬದುಕಿದವರನ್ನು ನಾನೇ ಬಲ್ಲೆ. ಆದರೆ ಕಣದಲ್ಲಿ ಲಾರಿ ಓಡಾಡುವುದಿಲ್ಲವಲ್ಲ, ಅಲ್ಲಿ ಒಕ್ಕಬೇಕೆಂದರೆ ಮೈ ಬಗ್ಗಿಸಬೇಕು. ಗೌರಿ ಸುಗ್ಗಿ ಬಂದಾಗಲೆಲ್ಲ ಮನೆಮನೆಗೆ ಹೋಗಿ, ರಸ್ತೆಗೆ ಹಾಕಬೇಡಿ ಎಂದು ಕೈಮುಗಿಯುತ್ತಿದ್ದಳು. ಇನ್ನೊಬ್ಬಳಿಗೆ ತನ್ನ ಗತಿ ಬರಬಾರದು ಎನ್ನುವುದೊಂದೇ ಅವಳ ಬೇಡಿಕೆ. ಎಲ್ಲರೂ ಕೂರಿಸಿ, ಕಾಫಿ ಕೊಟ್ಟು, ತಲೆ ಅಲ್ಲಾಡಿಸುತ್ತಿದ್ದರು. ಮರುದಿನ ತಿರುವಿನಲ್ಲಿ ಹುರುಳಿ ಇರುತ್ತಿತ್ತು.

ಹೀಗೆ ಕೆಲವು ವರ್ಷ ಕಳೆದ ಮೇಲಿನ ಒಂದು ಬೇಸಿಗೆಯ ಸಂಜೆ. ಕೊಳ್ಳೇಗಾಲದ ನಮ್ಮ ಮನೆಗೆ ಬಂದಿದ್ದ ಗೌರಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವಳ ಊರಿಗೆ ಬಿಡಲು ಹೊರಟಿದ್ದೆ. ಹೊಲಗಳೆಲ್ಲ ಬರಿದಾಗಿದ್ದವು, ಹುರುಳಿ ಮೂಟೆ ಸೇರಿ ತಿಂಗಳುಗಳೇ ಆಗಿದ್ದವು. ಬೆಳಕು ಇನ್ನೂ ಇತ್ತು. ತಿರುವಿಗೆ ಬಂದಾಗ ಚಕ್ರದಡಿ ಚಟಚಟ ಸದ್ದು ಶುರುವಾಯಿತು. ಒಣಗಿದ ಕಾಯಿ ಒಡೆಯುವ ಸದ್ದು. ಹ್ಯಾಂಡಲ್ ಕೈಯಲ್ಲಿ ಸಡಿಲವಾಯಿತು. ನಾನು ಬಾಯಿ ಬಿಡುವ ಮೊದಲೇ ಗೌರಿ ನನ್ನ ಭುಜ ಹಿಡಿದಳು.

"ಉಳ್ಳಿ ಅರವವ್ರೆ ಕಣಣ್ಣ, ಮೆಲ್ಲಗೆ ಓಗು."

ಕಾಲೂರಿ ನಿಲ್ಲಿಸಿದೆ. ಇಬ್ಬರೂ ಇಳಿದು ನೋಡಿದೆವು. ರಸ್ತೆ ಖಾಲಿ. ಒಂದು ಕಾಯಿಯಿಲ್ಲ, ಒಂದು ಕಡ್ಡಿಯಿಲ್ಲ. ಟೈರು ಒತ್ತಿ ನೋಡಿದೆ, ಗಾಳಿ ಸರಿಯಾಗಿತ್ತು. ಹಿಂದಕ್ಕೆ ತಳ್ಳಿಕೊಂಡು ಹೋಗಿ ಮತ್ತೆ ಅದೇ ಜಾಗದಲ್ಲಿ ಓಡಿಸಿದೆ, ಏನೂ ಕೇಳಿಸಲಿಲ್ಲ. ಗೌರಿ ರಸ್ತೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬರೀ ಡಾಂಬರನ್ನು ಅಂಗೈಯಿಂದ ಗುಡಿಸುತ್ತಿದ್ದಳು. ನಾನು ಹೋಗಿ ಅವಳ ಕೈ ಹಿಡಿದು ಎಬ್ಬಿಸಿದೆ.

ಇದನ್ನು ಅವಳು ಊರಲ್ಲಿ ಒಬ್ಬರಿಗೆ ಹೇಳಿದಳು, ಎಲ್ಲರಿಗೂ ಮುಟ್ಟಿತು. ಬೋರ್ಡಿಗೆ, ಮೈಕಿಗೆ, ಗಂಡ ಸತ್ತವಳ ಕೈಮುಗಿತಕ್ಕೆ ಬಗ್ಗದ ಊರು ಇದಕ್ಕೆ ನಡುಗಿತು. ತಿರುವಿನಲ್ಲಿದ್ದ ಒಂದು ಕಲ್ಲಿಗೆ ಕುಂಕುಮ ಬಿತ್ತು, ಹೂವು ನಿಂಬೆಹಣ್ಣು ಬಂದವು. ಅದು ಶಿವಮಲ್ಲುವಿನ ತಲೆ ಒಡೆದ ಕಲ್ಲೇ ಇರಬಹುದು, ಕೇಳುವ ಧೈರ್ಯ ನನಗಾಗಲಿಲ್ಲ. ಮುಂದಿನ ಸುಗ್ಗಿಯಲ್ಲಿ ಆ ತಿರುವಿಗೆ ಒಬ್ಬರೂ ಹುರುಳಿ ಹಾಕಲಿಲ್ಲ. ದೆವ್ವವಾದರೇನು, ಕೆಲಸ ಆಯಿತಲ್ಲ ಎಂದು ನಾನೂ ಖುಷಿಪಟ್ಟೆ. ಸ್ವಲ್ಪ ಮುಂದೆ ಹೋದರೆ, ತಿರುವು ಮುಗಿದ ಕಡೆಯಿಂದ ಸಾಲಾಗಿ ಹರವಿದ್ದರು. ಮೊದಲನೆಯದು ಶಿವಮಲ್ಲುವಿನ ಸ್ವಂತ ಅಣ್ಣನದು. ಪಕ್ಕದ ಮರದಡಿ ಕೂತಿದ್ದ ಅವನನ್ನು ಇದೇನು ಎಂದು ಕೇಳಿದೆ.

"ಅವ್ನಿರಾದು ತಿರುವ್ನಲ್ಲಿ ಕಣಪ್ಪ, ಇಲ್ಲಿಗಂಟ ಬರಕಿಲ್ಲ," ಎಂದ, ಸಮಾಧಾನವಾಗಿ.

ನಾನು ನೇರ ಗೌರಿಯ ಮನೆಗೆ ಹೋಗಿ ಹೇಳಿದೆ. ಅವಳು ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಒಬ್ರು ಸತ್ತಿದ್ಕೆ ಒಂದ್ ತಿರುವು ಬುಟ್ರು. ರೋಡೆಲ್ಲ ಬುಡ್ಬೇಕು ಅಂದ್ರೆ ಇನ್ನೆಷ್ಟು ಜನ ಸಾಯ್ಬೇಕಣ್ಣ?"

ಆ ಸಂಜೆ ನಮಗೆ ಕೇಳಿಸಿದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ. ಮನಸ್ಸಿನ ಭ್ರಮೆ ಎನ್ನೋಣವೆಂದರೆ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೇಗೆ ಬಂತು? ಸುಗ್ಗಿಯಲ್ಲಿ ಆ ಕಡೆ ಹೋದಾಗ ಈಗಲೂ ವೇಗ ತಗ್ಗಿಸಿ ಕಿವಿಗೊಡುತ್ತೇನೆ. ತಿರುವು ತೆಪ್ಪಗಿರುತ್ತದೆ. ಅದನ್ನು ದಾಟಿದ ಮೇಲೆ ಚಟಚಟ ಶುರುವಾಗುತ್ತದೆ. ಅದು ನಿಜವಾದ ಹುರುಳಿ.