ಹತ್ತೊಂಬತ್ತನೇ ನಂಬರಿನ ಡಬ್ಬಿ ಮತ್ತು ವಸುಧಕ್ಕ

ನಂಬೋಕೆ ಆಗ್ತಾ ಇಲ್ಲ...
ನಮ್ಮ ಡಾಕ್ಟರ್ ವಸುಧಕ್ಕ ಇನ್ನಿಲ್ಲ.
ಬೆಳಿಗ್ಗೆ ನ್ಯೂಜರ್ಸಿಯ ಫೋರ್ಟ್ ಲೀಯಿಂದ ಅವರ ಮಗಳು ಮೇಘನಾ ಫೋನ್ ಮಾಡಿದಳು. ನಿದ್ದೆಯಲ್ಲೇ ಹೋದರಂತೆ.
ಮೊನ್ನೆ ಭಾನುವಾರ ತಾನೇ "ನಿನ್ನ ಚಪಾತಿ ಇನ್ನೂ ಹಪ್ಪಳಾನೇ ಕಣೆ" ಅಂತ ರೇಗಿಸಿದ್ದರು...

ಗೊತ್ತಿಲ್ಲದವರಿಗೆ ಹೇಳ್ತೀನಿ.
ಮಂಡ್ಯದ ಹೆಣ್ಣುಮಗಳು. ಎಚ್‌ಐವಿ ಅಂದರೆ ಜನ ಕೈ ಕುಲುಕೋಕೂ ಹೆದರುತ್ತಿದ್ದ ಎಂಬತ್ತರ ದಶಕದಲ್ಲಿ ಮ್ಯಾನ್‌ಹಟನ್‌ನ ಲ್ಯಾಬ್‌ನಲ್ಲಿ ಆ ವೈರಸ್ ಬೆಳೆಸಿ ನೋಡಿದವರು.
ಔಷಧಿ ಶುರುವಾಗುವ ಮುಂಚಿನ ರಕ್ತ, ಶುರುವಾದ ಮೇಲಿನ ರಕ್ತ... ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಔಷಧಿ ಕೊಟ್ಟರೆ ವೈರಸ್ ಅದಕ್ಕೆ ಹೇಗೆ ಒಗ್ಗಿಹೋಗುತ್ತೆ ಅಂತ ಪೇಪರ್‌ಗಳಲ್ಲಿ ಬರೆದರು.

ನಾನು ಶೈಲಜಾ, ಅವರ ಟೆಕ್ನಿಷಿಯನ್. ತೊಂಬತ್ತರ ಸುಮಾರಿಗೆ ಸೇರಿದೆ.
ರೋಗಿಗಳ ಹೆಸರು ನಮಗೆ ಗೊತ್ತಿರುತ್ತಿರಲಿಲ್ಲ, ಬರೀ ನಂಬರ್.
ಇಂಥ ನಂಬರ್ ತೀರಿಹೋದ ಅಂತ ವಾರ್ಡ್‌ನಿಂದ ಫೋನ್ ಬರೋದು. ಈ ಕಡೆ ಇನ್‌ಕ್ಯುಬೇಟರ್ ತೆರೆದರೆ ಅವನ ಜೀವಕೋಶಗಳು ಬೆಚ್ಚಗೆ ಬೆಳೀತಾ ಇರೋವು...
ಮೊದಮೊದಲು ನನಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಜರ್ಸಿ ಕಡೆಯಿಂದ ಒಬ್ಬ ತಾಯಿ ಬಂದರು. ಮಾರ್ಗರೆಟ್. ಹತ್ತೊಂಬತ್ತನೇ ನಂಬರಿನ ಹುಡುಗನ ಅಮ್ಮ. ಮಣ್ಣು ಮಾಡಿ ವಾರವಾಗಿತ್ತು.
"ನನ್ನ ಮಗಂದು ಇಲ್ಲಿ ಏನಾದರೂ ಉಳಿದಿದೆಯಾ?"
ರೂಲ್ಸ್ ಪ್ರಕಾರ ಹೇಳೋ ಹಾಗಿಲ್ಲ. ಅಕ್ಕ ಅವರ ಕೈ ಹಿಡಿದು ಜೀವಕೋಶ ಹೆಪ್ಪುಗಟ್ಟಿಸಿ ಇಡೋ ನೈಟ್ರೋಜನ್ ಟ್ಯಾಂಕ್ ಹತ್ತಿರ ಕರೆದುಕೊಂಡು ಹೋದರು. ಮುಚ್ಚಳ ತೆಗೆದರೆ ಬಿಳಿ ಹೊಗೆ...
"ಅವನ ಕೆಲವು ಜೀವಕೋಶ ಈ ಡಬ್ಬಿಯಲ್ಲಿವೆ. ಸತ್ತಿಲ್ಲ," ಅಂದರು.

ಅಲ್ಲಿಂದ ಪ್ರತಿ ವರ್ಷ ಮಗನ ಹುಟ್ಟುಹಬ್ಬಕ್ಕೆ ಮಾರ್ಗರೆಟ್ ಫೋನ್.
"ಹೌ ಈಸ್ ಹಿ?"
ಅಕ್ಕ ಎದ್ದು ಹೋಗಿ, ಟ್ಯಾಂಕ್ ತೆರೆದು, ಬಗ್ಗಿ ನೋಡಿಯೇ ಉತ್ತರ ಕೊಡೋರು.
"ಹಿ ಈಸ್ ಫೈನ್."

ಅಕ್ಕಾ...
ಇಷ್ಟು ವರ್ಷ ಹೇಳದೆ ಇದ್ದದ್ದನ್ನ ಇವತ್ತು ಎಲ್ಲರ ಮುಂದೆ ಹೇಳ್ತೀನಿ.
ಆ ಡಬ್ಬಿ ಬಿಸಾಡಿದ್ದು ನಾನು.

ಆಯುಧಪೂಜೆ ದಿನ ಮೈಕ್ರೋಸ್ಕೋಪು, ಸೆಂಟ್ರಿಫ್ಯೂಜು ಎಲ್ಲಕ್ಕೂ ಕುಂಕುಮ ಇಟ್ಟಿದ್ದೆ. ಉತ್ಸಾಹದಲ್ಲಿ ಟ್ಯಾಂಕಿನ ಡಬ್ಬಿಗಳಿಗೂ ಇಟ್ಟೆ.
"ಇದನ್ನು ಮುಟ್ಟಬೇಡಿ" ಅನ್ನೋ ಗುರುತಿಗೆ ನೀವು ಆ ಒಂದು ಡಬ್ಬಿಗೆ ಮೊದಲೇ ಕುಂಕುಮ ಇಟ್ಟಿದ್ದಿರಿ. ನನಗೇನು ಗೊತ್ತು?
ಪೇಪರ್ ಪ್ರಿಂಟ್ ಆದ ಮೇಲೆ ಹಳೇದೆಲ್ಲ ಕ್ಲೀನ್ ಮಾಡುವಾಗ, ನಂಬರ್ ನೋಡದೆ, ಎಲ್ಲಾ ನನ್ನ ಕುಂಕುಮವೇ ಅಂದುಕೊಂಡು ಅದನ್ನೂ ಆಟೋಕ್ಲೇವ್‌ನ ಬಿಸಿ ಆವಿಗೆ ಹಾಕಿ ಬಿಸಾಡಿಬಿಟ್ಟೆ.

ಆ ವರ್ಷ ಹುಟ್ಟುಹಬ್ಬದ ಮಧ್ಯಾಹ್ನ ಮಾರ್ಗರೆಟ್ ಫೋನ್ ಬಂತು. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ.
ನೀವು ರ‍್ಯಾಕ್ ಎತ್ತಿದಿರಿ. ಹತ್ತೊಂಬತ್ತರ ಜಾಗ ಖಾಲಿ.
ಆ ಖಾಲಿ ಜಾಗವನ್ನೇ ತುಂಬಾ ಹೊತ್ತು ನೋಡಿದಿರಿ... ಯಾರನ್ನೋ ಗುರುತು ಹಿಡಿಯೋ ಹಾಗೆ.
"ಹಿ ಈಸ್ ಫೈನ್," ಅಂದಿರಿ.
ಆಮೇಲೆ ನನ್ನ ಕಡೆ ತಿರುಗಿ, "ಮುಚ್ಚಳ ಹಾಕು ಶೈಲೂ, ಚಳಿ ಆಗುತ್ತೆ" ಅಂದಿರಿ.
ಯಾರಿಗೆ ಚಳಿ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ಇವತ್ತು ಮೇಘನಾ ಇನ್ನೊಂದು ಮಾತು ಹೇಳಿದಳು.
"ಆಂಟಿ, ಅಮ್ಮನ ಫೋನ್‌ಗೆ ಒಬ್ಬರು ಓಲ್ಡ್ ಲೇಡಿ ಕಾಲ್ ಮಾಡಿದ್ರು, ನನಗೆ ಎತ್ತೋಕೆ ಆಗ್ಲಿಲ್ಲ. ಎವ್ರಿ ಇಯರ್ ಮಾಡ್ತಾರೆ. ರಿಟೈರ್ ಆದ್ಮೇಲೂ, ಆ ಕಾಲ್ ಬಂದ್ರೆ ಅಮ್ಮ ಕಿಚನ್‌ಗೆ ಹೋಗಿ ಫ್ರಿಜ್ ಓಪನ್ ಮಾಡಿ ನೋಡ್ತಿದ್ರು. ಇಟ್ ವಾಸ್ ಸೋ ಕ್ರೀಪಿ..."
ನಂಬರ್ ತೆಗೆದುಕೊಂಡು ನಾನೇ ಮಾರ್ಗರೆಟ್‌ಗೆ ಫೋನ್ ಮಾಡಿದೆ. ಅಕ್ಕ ಹೋದ ಸುದ್ದಿ ಹೇಳಿದೆ. ಡಬ್ಬಿಯ ವಿಷಯ ಹೇಳಿ ಅತ್ತೆ.

ಮುದುಕಿ ಹೇಳಿದರು:
"ನನಗೆ ಗೊತ್ತಮ್ಮ. ಆವತ್ತೇ ಸಂಜೆ ಮನೆಯಿಂದ ಫೋನ್ ಮಾಡಿ ಡಾಕ್ಟರ್ ನಿಜ ಹೇಳಿದರು. ಮಧ್ಯಾಹ್ನ ನೀನು ಪಕ್ಕದಲ್ಲಿ ನಡುಗುತ್ತಾ ನಿಂತಿದ್ದೆಯಂತೆ. ಅದಕ್ಕೇ ಆಗ ಹೇಳಲಿಲ್ಲವಂತೆ."
"ಮತ್ತೆ ಪ್ರತಿ ವರ್ಷ ಯಾಕೆ ಕೇಳ್ತಿದ್ದಿರಿ?"
"ಅವನು ಹೇಗಿದ್ದಾನೆ ಅಂತ ಕೇಳಿದರೆ, ಎದ್ದು ಹೋಗಿ ನೋಡಿಕೊಂಡು ಬರೋರು ಬೇರೆ ಯಾರಿದ್ದರು?"

ಅಕ್ಕಾ, ಒಂದು ಸಲವಾದರೂ ನನ್ನನ್ನು ಬೈದುಬಿಡಬಾರದಿತ್ತಾ...

ಹೋಗಿ ಬನ್ನಿ.
ಎಲ್ಲಿದ್ದರೂ ನಿಮ್ಮ ಜೀವಕ್ಕೆ ನೆಮ್ಮದಿ ಇರಲಿ 🙏