ಸ್ನಾಯುವಿನ ಮೇಲೋ, ಕೆಳಗೋ

ಡಿಪೋದಲ್ಲಿ ಎಲ್ಲರೂ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ನಿಂತಿದ್ದ ಮುದುಕಿಯೂ ಮುಗ್ಗರಿಸದಂತೆ ಬಸ್ಸು ನಿಲ್ಲಿಸುವ ಡ್ರೈವರ್ ಅವಳು. ತಮಾಷೆಗೆ ಇಟ್ಟ ಹೆಸರು ಬರಬರುತ್ತ ಮರ್ಯಾದೆಯ ಹೆಸರೇ ಆಗಿಹೋಗಿತ್ತು.

ಹಿಂದಿನ ವರ್ಷ ಎಡ ಸ್ತನದಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದು ತಿಳಿದು ಆ ಸ್ತನವನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ಕೆಲಸಕ್ಕೂ ಮರಳಿದಳು. ಒಳಉಡುಪಿನಲ್ಲಿ ಮೆತ್ತನೆಯ ಸ್ಪಂಜು ಇಟ್ಟುಕೊಳ್ಳುತ್ತಿದ್ದಳು. ದೊಡ್ಡ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಅದು ಮೆಲ್ಲಗೆ ಕೊರಳಿನತ್ತ ಏರುತ್ತಿತ್ತು. ಒಂದು ದಿನ ಕಂಡಕ್ಟರ್ ಮುಖ ಬೇರೆ ಕಡೆ ತಿರುಗಿಸಿ, "ಅಕ್ಕಾ, ಅಂಗಿ ಸ್ವಲ್ಪ ಸರಿಮಾಡ್ಕೊಳ್ಳಿ" ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳು ಮಾತ್ರ ನಾಚಿಕೆಯಿಂದ ಹಿಡಿಯಷ್ಟಾದಳು.

ಅಂದು ಸಂಜೆ ಮನೆಯಲ್ಲಿ ಹೇಳಿಯೇಬಿಟ್ಟಳು: "ಈ ಸ್ಪಂಜಿನ ಬದಲು ಎದೆಯೊಳಗೇ ಇಂಪ್ಲಾಂಟ್ ಹಾಕಿಸ್ಕೊಳ್ಳೋಣ ಅಂತಿದೀನಿ."

ಬೀಗ ರಿಪೇರಿ ಮಾಡುವ ಗಂಡ ಕೈಲಿದ್ದ ಬೀಗದಿಂದ ತಲೆ ಎತ್ತಲಿಲ್ಲ. "ನಂಗಂತೂ ನೀನು ಹೀಗೇ ಚೆನ್ನಾಗಿದೀಯ. ಸುಮ್ನೆ ಮತ್ತೆ ಯಾಕೆ ಕೊಯ್ಯಿಸ್ಕೊಳ್ತೀಯ?"

"ನಿಮಗೋಸ್ಕರ ಅಂತ ಯಾರು ಹೇಳಿದ್ರು?" ಎಂದು ಸಿಡುಕಿದಳು. ಅವನು ಮುಖ ಊದಿಸಿಕೊಂಡು ಎದ್ದುಹೋದ. ಮೂಲೆಯಲ್ಲಿ ಅತ್ತೆ ತಮ್ಮ ಪಾಡಿಗೆ ಹೊದಿಕೆ ಮಡಿಸುತ್ತಿದ್ದರು. ಆದರೆ ಆಸ್ಪತ್ರೆಗೆ ಹೋಗುವ ದಿನ ಎಲ್ಲರಿಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಂತವರು ಅವರೇ.

ಡಾಕ್ಟರಮ್ಮ ಸಿಲಿಕಾನ್ ಚೀಲವೊಂದನ್ನು ಅವಳ ಅಂಗೈಯಲ್ಲಿ ಇಟ್ಟು ನಿಧಾನವಾಗಿ ಹೇಳಿದರು.

"ಹೋದ ಸಲ ಚರ್ಮ ಸಾಕಷ್ಟು ಉಳಿಸಿದಾರೆ, ರೇಡಿಯೇಶನ್ನೂ ಆಗಿಲ್ಲ, ಒಳ್ಳೇದೇ ಆಯ್ತು. ಈಗ ಇದನ್ನ ಇಡೋಕೆ ಎರಡು ಜಾಗ ಇದೆ. ಎದೆಯ ಸ್ನಾಯು ಇದೆಯಲ್ಲ, ಅದರ ಕೆಳಗೆ ಇಡಬಹುದು. ಸ್ನಾಯುವೇ ಮೇಲೆ ಹೊದಿಕೆ ಹಾಗಿರುತ್ತೆ, ಅಂಚು ಅಷ್ಟಾಗಿ ಕಾಣಲ್ಲ. ಆದ್ರೆ ಮೊದಲ ದಿನಗಳಲ್ಲಿ ನೋವು ಜಾಸ್ತಿ. ಇಲ್ಲ, ಸ್ನಾಯುವಿನ ಮೇಲೆ, ಚರ್ಮದ ಅಡಿಗೇ ಇಡಬಹುದು. ನೋವು ಕಮ್ಮಿ, ಕೈ ಬೇಗ ಹಿಡಿತಕ್ಕೆ ಬರುತ್ತೆ. ಆದ್ರೆ ನಿಮ್ಮ ಚರ್ಮ ತೆಳು. ಬಗ್ಗಿದಾಗ ಸುಕ್ಕು ಕಾಣಬಹುದು."

ಆಗ ಅತ್ತೆ ಬಾಯಿಬಿಟ್ಟರು. "ನಮ್ಮ ಸೊಸೆ ದಿನವಿಡೀ ಸ್ಟೇರಿಂಗ್ ತಿರುಗಿಸ್ತಾಳೆ, ಡಾಕ್ಟ್ರೇ. ಸ್ನಾಯು ಕೆಳಗಿಟ್ರೆ, ತಿರುಗಿಸಿದಾಗಲೆಲ್ಲ ಅದು ಕುಣಿಯುತ್ತಾ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಕುಣಿಯಬಹುದು ಅಮ್ಮಾ. ಸ್ನಾಯು ಬಿಗಿದಾಗ ಅದೂ ಜರುಗುತ್ತೆ." ಆಮೇಲೆ ನಗು ನಿಲ್ಲಿಸಿ ಉಳಿದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಸ್ಪರ್ಶ ಮೊದಲಿನಂತೆ ಇರುವುದಿಲ್ಲ. ಸೋಂಕಾಗಬಹುದು, ಚೀಲದ ಸುತ್ತ ಗಟ್ಟಿ ಪೊರೆ ಕಟ್ಟಬಹುದು. ಜನ್ಮಪೂರ್ತಿ ಬಾಳುವ ವಸ್ತುವಲ್ಲ, ಮುಂದೆ ಬದಲಿಸಬೇಕಾಗಬಹುದು. "ಏನೂ ಮಾಡಿಸದೇ ಇರೋದೂ ಒಂದು ದಾರಿನೇ. ಅವಸರ ಬೇಡ."

ಮನೆಗೆ ಬಂದವಳೇ ಕನ್ನಡಿ ಮುಂದೆ ನಿಂತು ಎರಡೂ ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿದಳು. ಎದೆಯ ಸ್ನಾಯು ಹಗ್ಗದಂತೆ ಬಿಗಿಯಿತು. ಸುಕ್ಕಾದರೆ ಆಗಲಿ, ಅದು ಕಾಣುವುದು ತನಗೆ ಮಾತ್ರ ತಾನೆ. ತೋಳಿನ ಕಸುವು ಅನ್ನದ ಮಾತು. ಮೇಲೆಯೇ ಇಡಿಸುವುದೆಂದು ನಿರ್ಧರಿಸಿದಳು.

ಬಾಗಿಲಲ್ಲಿ ಗಂಡ ನಿಂತಿದ್ದ. "ಹೋದ ಸಲ ಆಪರೇಶನ್ ಕೋಣೆ ಬಾಗಿಲು ಹಾಕಿದ್ಮೇಲೆ ನಾನು ಪಟ್ಟ ಪಾಡು ನಂಗೇ ಗೊತ್ತು ಕಣೇ. ಅದಕ್ಕೇ ಬೇಡ ಅಂದಿದ್ದು. ನಿನ್ನ ಅಂದ ಚೆಂದಕ್ಕಲ್ಲ."

ಇದನ್ನು ಅವನು ಇಲ್ಲಿಯವರೆಗೂ ಹೇಳಿರಲಿಲ್ಲ. ಅವಳ ಸಿಟ್ಟು ಜರ್ರನೆ ಇಳಿಯಿತು. "ಮತ್ತೆ ಅವತ್ತೇ ಹೇಳೋಕೇನಾಗಿತ್ತು?" ಎಂದಷ್ಟೇ ಕೇಳಿ ಪಕ್ಕಕ್ಕೆ ಕೂರಿಸಿಕೊಂಡಳು.

ಆಪರೇಶನ್ ಸಲೀಸಾಗಿ ಆಯಿತು. ಪಕ್ಕೆಯಿಂದ ಇಳಿಬಿಟ್ಟ ಕೊಳವೆಯಲ್ಲಿ ಕೆಂಪು ನೀರು ಬಸಿಯುತ್ತಿತ್ತು. ಅಂಗಾತವೇ ಮಲಗಬೇಕು, ಭಾರ ಎತ್ತಬಾರದು, ಕೈ ತಲೆಗಿಂತ ಮೇಲೆ ಹೋಗಬಾರದು. ಅತ್ತೆ ತಲೆ ಬಾಚುತ್ತ, "ಮದುವೆಗೆ ಮುಂಚೆ ನಿಮ್ಮಮ್ಮನೂ ಇಷ್ಟು ಬಾಚಿರಲ್ಲ ಬಿಡು" ಎಂದು ಬೀಗುತ್ತಿದ್ದರು.

ನೋವು ಇಳಿದ ಮೇಲೆ ಅವಳ ಕೈ ಸುಮ್ಮನಿರಬೇಕಲ್ಲ! ಮನೆಯಲ್ಲಿ ಯಾರೂ ಇಲ್ಲದಾಗ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಲು ಹೋದಳು. ಮರುದಿನಕ್ಕೆ ಎದೆ ಊದಿಕೊಂಡಿತು. ಎಲ್ಲ ಹಾಳಾಯಿತೆಂದು ಆಸ್ಪತ್ರೆಯ ದಾರಿಯುದ್ದಕ್ಕೂ ಅತ್ತಳು. ಡಾಕ್ಟರಮ್ಮ ಸೂಜಿಯಿಂದ ಒಳಗೆ ತುಂಬಿದ್ದ ನೀರು ತೆಗೆದರು. "ನೋವಿಲ್ಲ ಅಂದ್ರೆ ವಾಸಿಯಾಗಿದೆ ಅಂತಲ್ಲಮ್ಮ. ಒಳಗೆ ಇನ್ನೂ ಹಸಿ" ಎಂದು ಗದರಿದರು. ಇಂಪ್ಲಾಂಟ್‌ಗೆ ಏನೂ ಆಗಿರಲಿಲ್ಲ. ಅಂದಿನಿಂದ ಪಾತ್ರೆಗಳೆಲ್ಲ ನೆಲಕ್ಕಿಳಿದವು. ಗಂಡ ಅವನ್ನು ಎಡವಿಕೊಂಡೇ ಓಡಾಡಿದ.

ಡಾಕ್ಟರಮ್ಮ ಹೂಂ ಎಂದ ಮೇಲೆಯೇ ಮತ್ತೆ ಬಸ್ಸು ಹತ್ತಿದಳು. ಬಗ್ಗಿದಾಗ ಎದೆಯ ಮೇಲೆ ಸಣ್ಣ ಸುಕ್ಕು ಮೂಡುವುದನ್ನು ಅಷ್ಟರಲ್ಲೇ ನೋಡಿಕೊಂಡಿದ್ದಳು. ಬೇಸರವೇನೂ ಆಗಲಿಲ್ಲವೆಂದಲ್ಲ, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಎಡತೋಳು ಸೋತು ನಡುಗತೊಡಗಿತು. ಮೊದಲಾಗಿದ್ದರೆ ಹಲ್ಲು ಕಚ್ಚಿ ಓಡಿಸುತ್ತಿದ್ದಳೇನೋ. ಈಗ ಡಿಪೋ ಮ್ಯಾನೇಜರ್ ಮುಂದೆ ಹೋಗಿ ನಿಂತಳು.

"ಸಾರ್, ಈ ತಿಂಗಳು ನಂಗೆ ಅರ್ಧ ಪಾಳಿ ಸಾಕು. ಎದೆ ಆಪರೇಶನ್ ಆಗಿದೆ, ಕೈ ಇನ್ನೂ ಪೂರ್ತಿ ಬಂದಿಲ್ಲ."

ಕೋಣೆಯಲ್ಲಿ ಇನ್ನೂ ನಾಲ್ಕಾರು ಮಂದಿ ಇದ್ದರು. ಅವಳು ದನಿ ತಗ್ಗಿಸಲಿಲ್ಲ.