ನಾನು ಬಿಚ್ಚಿದ ಹೊಲಿಗೆ

ಮಗಳು ಹೊಲಿದ ಪುಸ್ತಕವನ್ನು ನಾನು ಬಿಚ್ಚಿದ್ದು ಒಳ್ಳೆಯ ಉದ್ದೇಶದಿಂದಲೇ. (ಮನೆಹಾಳು ಕೆಲಸಗಳೆಲ್ಲ ಶುರುವಾಗುವುದೇ ಹೀಗೆ ಎನ್ನುತ್ತಾಳೆ ನನ್ನ ಹೆಂಡತಿ.)

ಪರೀಕ್ಷೆ ಮುಗಿದ ಮೇಲೆ ಹಳೆಯ ನೋಟ್‌ಬುಕ್ಕುಗಳ ಖಾಲಿ ಹಾಳೆ ಕಿತ್ತು ರಫ್ ಬುಕ್ ಹೊಲಿಯುವುದು ನಿಮ್ಮ ಮನೆಯಲ್ಲೂ ಇತ್ತಲ್ಲವೇ? ನಮ್ಮಪ್ಪ ಪ್ರತಿ ಬೇಸಿಗೆಯಲ್ಲೂ ಹೊಲಿಯುತ್ತಿದ್ದರು. ಈ ಸಲ ನನಗೂ ಆ ಹುಮ್ಮಸ್ಸು ಬಂತು. ಮಗಳು ಚಿನ್ಮಯಿಗೆ ಹನ್ನೊಂದು ವರ್ಷ, ರಜೆ ಬೇರೆ. ಬಸವೇಶ್ವರನಗರದ ಸಮ್ಮರ್ ಕ್ಯಾಂಪೊಂದರ ಫೀಸ್ ಕೇಳಿ ಬಂದ ಮೇಲೆ ಈ ಐಡಿಯಾ ಇನ್ನೂ ಚೆನ್ನಾಗಿ ಕಂಡಿತು, ಒಪ್ಪಿಕೊಳ್ಳುತ್ತೇನೆ.

ಸಾಮಾನು ಏನು ಮಹಾ? ಹಾಳೆ ಮನೆಯಲ್ಲೇ ಇತ್ತು. ದಬ್ಬಣ, ದಪ್ಪ ದಾರ ವಿಜಯನಗರದ ಮಾರ್ಕೆಟ್ಟಿನಲ್ಲಿ ಸಿಕ್ಕವು. ರಟ್ಟಿಗೆ ಹಳೆಯ ಮದುವೆ ಕಾರ್ಡು. ಗಣಪತಿ ಚಿತ್ರ ಇದೆ, ಎಸೆಯಬಾರದು ಅಂತ ಅಟ್ಟದ ಮೇಲೆ ಒಂದು ಚೀಲದ ತುಂಬ ಇಟ್ಟಿದ್ದೇವೆ. (ಅದರಲ್ಲಿ ಕೆಲವು ಜೋಡಿಗಳ ಮಕ್ಕಳೇ ಈಗ ಕಾಲೇಜಿಗೆ ಹೋಗುತ್ತಿದ್ದಾರೆ.)

ಮೊಳೆಯಲ್ಲಿ ತೂತು ಹೊಡೆದಿದ್ದೂ ಅವಳೇ, ಹೊಲಿದಿದ್ದೂ ಅವಳೇ. ಭಾನುವಾರ ಸಂಜೆ ಅನ್ನಪೂರ್ಣೇಶ್ವರಿ ನಗರದಲ್ಲಿ ಗೆಳತಿ ಅನನ್ಯಳ ಬರ್ತ್‌ಡೇ. ಈ ಪುಸ್ತಕವೇ ಗಿಫ್ಟು ಎಂದಳು. ನಾನು ನೋಡಿದೆ. ತೂತುಗಳು ಒಂದು ಮೇಲೆ, ಒಂದು ಕೆಳಗೆ. ಗಂಟು ನೆಲ್ಲಿಕಾಯಿ ಗಾತ್ರ. ಅಲ್ಲಿಗೆ ಬಂದವರು ಏನಂದುಕೊಂಡಾರು?

ಭಾನುವಾರ ಬೆಳಿಗ್ಗೆ ಅವಳು ಡ್ಯಾನ್ಸ್ ಕ್ಲಾಸಿಗೆ ಹೋದಾಗ ಹೊಲಿಗೆ ಬಿಚ್ಚಿದೆ. ಸೊಟ್ಟ ತೂತುಗಳಿದ್ದ ಅಂಚನ್ನೇ ಕತ್ತರಿಸಿ ಬಿಸಾಕಿದೆ. ಸ್ಕೇಲ್ ಇಟ್ಟು ಹೊಸ ತೂತು ಹೊಡೆದು ನೀಟಾಗಿ ಹೊಲಿದೆ. ಅಂಗಡಿಯದ್ದೇ ಅನ್ನಬೇಕು, ಹಾಗಿತ್ತು.

ಬಂದವಳು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಅಪ್ಪ, ಇದು ನಂದಲ್ಲ."

"ನಿಂದೇ ಕಣೇ. ಸ್ವಲ್ಪ ಸರಿ ಮಾಡ್ದೆ ಅಷ್ಟೇ."

"ನಾನೇ ಹೊಲ್ದಿದ್ದು ಅಂತ ಅನನ್ಯಂಗೆ ಹೇಳ್ಬಿಟ್ಟಿದೀನಿ. ಈಗ ಇದನ್ನ ಕೊಟ್ರೆ ಸುಳ್ಳಾಗಲ್ವಾ?"

ಕೂಗಾಡಲಿಲ್ಲ, ಅಳಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತಿದ್ದರೆ ಐಸ್‌ಕ್ರೀಮ್ ಕೊಡಿಸಿ ಮುಗಿಸಬಹುದಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇನ್ನು ಮೇಲೆ ಇವಳು ಏನು ಮಾಡಿದರೂ ನನ್ನ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟರೆ?

"ಹೆತ್ತವರಿಗೆ ಹೆಗ್ಗಣ ಮುದ್ದು ಕಣ್ರೀ," ಅಂದಳು ಹೆಂಡತಿ, ಹುರುಳಿಕಾಯಿ ನಾರು ತೆಗೆಯುತ್ತಾ. "ಅವಳ ಹೆಗ್ಗಣನ ನೀವ್ಯಾಕೆ ಮುಟ್ಟೋಕೆ ಹೋದ್ರಿ?"

ನಾವು ಅಪ್ಪಂದಿರು ಹೀಗೇ ಅಲ್ಲವೇ? ಮಕ್ಕಳ ಜೊತೆ ಟೈಮ್ ಕಳೀಬೇಕು ಅಂತ ಕೂರುತ್ತೇವೆ. ಐದು ನಿಮಿಷಕ್ಕೆ ಕತ್ತರಿ ನಮ್ಮ ಕೈಯಲ್ಲಿರುತ್ತದೆ, ಮಗು ಪಕ್ಕದಲ್ಲಿ ಕೂತು ಗಮ್ ಮುಚ್ಚಳ ಹಿಡಿದಿರುತ್ತದೆ. ಸ್ಕೂಲ್ ಎಕ್ಸಿಬಿಷನ್ನಿಗೆ ಹೋಗಿ ನೋಡಿ, ಥರ್ಮಾಕೋಲ್ ಜ್ವಾಲಾಮುಖಿಗಳ ಹಿಂದೆ ನಿಂತು ಬೆವರು ಒರೆಸಿಕೊಳ್ಳುವವರು ಯಾರು ಅಂತ.

ಬಾಗಿಲು ತಟ್ಟಿದೆ. "ತಪ್ಪಾಯ್ತು ಪುಟ್ಟಿ. ಹಾಳೆ ಇನ್ನೂ ಇದೆ. ಇನ್ನೊಂದು ಹೊಲಿ. ನಾನು ಮುಟ್ಟಲ್ಲ."

ಸುಮಾರು ಹೊತ್ತಾದ ಮೇಲೆ ಬಾಗಿಲು ತೆರೆಯಿತು.

"ದಾರ ಸಿಕ್ಕಾಗ್ದೆ ಇರೋ ಹಾಗೆ ಹಿಡ್ಕೋ ಸಾಕು. ಮಾತಾಡ್ಬಾರ್ದು."

ಹಿಡಿದುಕೊಂಡೆ. ಎರಡನೇ ತೂತೇ ಸೊಟ್ಟಗಾಯಿತು. ನಾಲಿಗೆ ತುದಿಗೆ ಬಂದಿದ್ದನ್ನು ನುಂಗಿದೆ. ದಬ್ಬಣ ಬೆರಳಿಗೆ ಚುಚ್ಚಿತು. ಸ್ ಎಂದು ಬೆರಳು ಚೀಪಿ ಮತ್ತೆ ಹೊಲಿದಳು. ನಾನು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ, ಒಂದೂವರೆ ಗಂಟೆ. ಸುಮ್ಮನೆ ಕೂರುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಈ ಸಲವೂ ಗಂಟು ನೆಲ್ಲಿಕಾಯಿಯೇ. ಆದರೆ ಅವಳ ಮುಖ ಅರಳಿತ್ತು, ನನಗೆ ಹೋದ ಜೀವ ಬಂದ ಹಾಗಾಯಿತು. (ನನ್ನ ನೀಟಾದ ಪುಸ್ತಕದಲ್ಲಿ ಹೆಂಡತಿ ಈಗ ದಿನಸಿ ಪಟ್ಟಿ ಬರೆಯುತ್ತಾಳೆ.)

ಗಿಫ್ಟ್ ಪೇಪರ್ ಸುತ್ತುವ ಮೊದಲು ಮೊದಲ ಪುಟದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದಳು: "ಹೊಲಿದವಳು ಚಿನ್ಮಯಿ. ದಾರ ಹಿಡಿದವರು ಅಪ್ಪ."

ಹದಿನೆಂಟು ವರ್ಷದ ನೌಕರಿಯಲ್ಲಿ ಇಷ್ಟು ಕರೆಕ್ಟಾದ ಡೆಸಿಗ್ನೇಷನ್ ನನಗೆ ಯಾರೂ ಕೊಟ್ಟಿರಲಿಲ್ಲ.